ಮಣ್ಣು ಒಲ್ಲೆ ಎಂದ ಮುಖ

ಶರಣ ಬಂಧುಗಳೇ, ತಾಯಂದಿರೇ, ಬರೀ ತತ್ವವನ್ನೇ ಹೇಳುತ್ತ ಹೋದರೆ ನಿಮಗೆ ತೂಕಡಿಕೆ ಬರುತ್ತದೆ. ಆಗಲೇ ಆ ಕಂಬಕ್ಕೆ ಒರಗಿದವರೊಬ್ಬರು ಕಣ್ಣು ಮುಚ್ಚಿದ್ದಾರೆ. ಧ್ಯಾನವೋ ನಿದ್ದೆಯೋ, ಅವರೇ ಬಲ್ಲರು. ಇರಲಿ. ಒಂದು ದೃಷ್ಟಾಂತ ಕೇಳಿ.

ಬಯಲುಸೀಮೆಯಲ್ಲಿ ಒಂದು ಸಂತೆಯೂರು. ಆ ಊರಲ್ಲಿ ಒಬ್ಬ ಸಾಹುಕಾರ ಇದ್ದ. ಶಿವಪುತ್ರಪ್ಪ ಅಂತ ಹೆಸರು. ಊರು ಯಾವುದು ಎಂದು ಮಾತ್ರ ಕೇಳಬೇಡಿ. ಕೇಳಿದರೆ ನಿಮ್ಮೂರೇ ಎಂದು ಹೇಳಬೇಕಾದೀತು.

ಈ ಶಿವಪುತ್ರಪ್ಪ ಹುಟ್ಟಿನಿಂದ ಸಾಹುಕಾರನಲ್ಲ. ಅವನ ತಾಯಿ ಹಾಲವ್ವ, ಗಂಡನನ್ನು ಬೇಗ ಕಳೆದುಕೊಂಡವಳು, ಶೇಂಗಾ ಚಟ್ನಿ ಕುಟ್ಟಿ ಸಂತೆಯಲ್ಲಿ ಮಾರಿ ಮಗನನ್ನು ಸಾಕಿದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಒಣಖಾರ, ಉಪ್ಪು. ಇಷ್ಟೇ. ಆದರೆ ಆಕೆ ಒರಳಿನಲ್ಲಿ ಒನಕೆ ಎತ್ತಿ ಹಾಕತೊಡಗಿದರೆ ಓಣಿಯ ತುದಿಯವರೆಗೆ ವಾಸನೆ ಹೋಗಿ, ಉಂಡು ಕೈ ತೊಳೆದವರಿಗೂ ಮತ್ತೊಂದು ರೊಟ್ಟಿ ಬೇಕೆನಿಸುತ್ತಿತ್ತಂತೆ. ಚಟ್ನಿಯನ್ನು ಮುತ್ತಲ ಎಲೆಯಲ್ಲಿ ಇಟ್ಟು, ಪುಂಡಿನಾರಿನಿಂದ ಕಟ್ಟಿ ಕೊಡುತ್ತಿದ್ದಳು. ಕೊಂಡವರು ಮನೆಗೆ ಹೋಗಿ ಚಟ್ನಿ ತಿಂದರು, ಎಲೆಯನ್ನು ಹಿತ್ತಲಿಗೆ ಒಗೆದರು. ಎಲೆಯ ಕಥೆ ಅಲ್ಲಿಗೆ ಮುಗಿಯಿತು.

ಹಾಲವ್ವನ ಹಿತ್ತಲು ಹೇಗಿತ್ತು ಗೊತ್ತೇ? ತಲೆ ನರೆತವರಿಗೆ ಹೇಳುವುದೇ ಬೇಡ, ನಿಮಗೆ ಈಗಲೇ ಕಣ್ಣ ಮುಂದೆ ಬಂದಿರುತ್ತದೆ. ಒಂದು ಎಮ್ಮೆ, ಒಂದು ಆಡು, ಒಂದು ನುಗ್ಗೆಗಿಡ, ಮೂಲೆಯಲ್ಲಿ ತಿಪ್ಪೆ. ಶೇಂಗಾ ಸುಲಿದ ಸಿಪ್ಪೆ ಒಲೆಗೆ. ಒಲೆಯ ಬೂದಿ ಪಾತ್ರೆ ತಿಕ್ಕಲು. ಪಾತ್ರೆ ತೊಳೆದ ಮುಸುರೆ ಎಮ್ಮೆ ಕುಡಿಯುವ ಬಾನಿಗೆ. ಎಮ್ಮೆಯ ಸಗಣಿ ತಿಪ್ಪೆಗೆ. ಆ ತಿಪ್ಪೆ ಬೇಸಿಗೆಯಲ್ಲಿ ಚಕ್ಕಡಿ ಏರಿ ಯಾರದೋ ಹೊಲಕ್ಕೆ ಹೋಗುತ್ತಿತ್ತು. ಆ ಹೊಲದವರು ಸುಗ್ಗಿಯಲ್ಲಿ ಒಂದು ಚೀಲ ಶೇಂಗಾ ತಂದು ಹಾಲವ್ವನ ಪಡಸಾಲೆಯಲ್ಲಿ ಇಳಿಸುತ್ತಿದ್ದರು. ಹೋದದ್ದೇ ತಿರುಗಿ ಬಂತಲ್ಲ? ಬಂತು!

ಸೀರೆ ಹರಿದರೆ ಹೊದೆಯುವ ಕೌದಿ. ಕೌದಿ ಹರಿದರೆ ತೊಟ್ಟಿಲ ಹಾಸಿಗೆ. ಅದೂ ಹರಿದರೆ ನೆಲ ಒರೆಸುವ ಅರಿವೆ. ಅದೂ ಜೂಲುಜೂಲಾದರೆ ದೀಪದ ಬತ್ತಿ. ದೀಪಾವಳಿಯ ಪಾಡ್ಯದ ಸಂಜೆ ಆ ಬತ್ತಿಯನ್ನೇ ಹಣತೆಗೆ ಹಾಕಿ, ದೇವರ ಮುಂದೆ ಒಂದು, ಹೊಸ್ತಿಲಿಗೆ ಒಂದು, ತಿಪ್ಪೆಯ ಮೇಲೆ ಒಂದು ಇಡುತ್ತಿದ್ದಳು. ತಿಪ್ಪೆಗೆ ದೀಪ! ಈಗ ನೀವು ಮೂಗು ಮುಚ್ಚಿಕೊಳ್ಳುವ ಜಾಗಕ್ಕೆ ಆಕೆ ಕೈ ಮುಗಿಯುತ್ತಿದ್ದಳು.

ಶಿವಪುತ್ರಪ್ಪ ಸಣ್ಣವನಿದ್ದಾಗ ಒಮ್ಮೆ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಗೋಡೆಯಾಚೆ ಒಗೆದ. ಹಾಲವ್ವ ನೋಡಿದಳು.

"ಎಲ್ಲಿಗೆ ಒಗದ್ಯೋ?"

"ಹೊರಗ."

"ಹೊರಗ ಅಂದ್ರ ಯಾರ ಮನಿ?"

ಹುಡುಗ ಗೋಡೆ ಸುತ್ತಿ ಹೋಗಿ, ಸಿಪ್ಪೆ ಎತ್ತಿ ತಂದು ಆಡಿನ ಬಾಯಿಗೆ ಹಿಡಿದ. ಆಡು ಚಪ್ಪರಿಸಿ ತಿಂದಿತು. ತಾಯಿ ನಕ್ಕಳು. ಪಾಠ ಮುಗಿಯಿತು. ಪುಸ್ತಕ ಇಲ್ಲ, ಹಲಗೆ ಇಲ್ಲ, ಬೈಗುಳವೂ ಇಲ್ಲ. ನೋಡಿ, ಹೀಗೆ ಕಲಿಸುತ್ತಿದ್ದರು.

ಹುಡುಗ ದೊಡ್ಡವನಾದ. ಹಾಲವ್ವ ತೀರಿಕೊಂಡಳು. ಆಕೆಯ ತಿಪ್ಪೆಯ ಗೊಬ್ಬರ ಹೋಗುತ್ತಿದ್ದ ಆ ಹೊಲದ ಬದುವಿನ ಹತ್ತಿರ ಆಕೆಯನ್ನು ಮಣ್ಣು ಮಾಡಿದರು. ಮಗನ ಕೈಯಲ್ಲಿ ತಾಯಿಯ ಚಟ್ನಿಯ ಹದ ಉಳಿದಿತ್ತು. ಅಂಗಡಿ ಇಟ್ಟ. ಕೈ ಹತ್ತಿತು. ಒರಳು ಹೋಗಿ ಯಂತ್ರ ಬಂತು. ಮುತ್ತಲ ಎಲೆ ಹೋಗಿ ಪೇಪರ್ ಬಂತು, ಪೇಪರ್ ಹೋಗಿ ಮಿರಮಿರ ಮಿಂಚುವ ಪ್ಲಾಸ್ಟಿಕ್ ಪಾಕೀಟು ಬಂತು. ಒಬ್ಬರು ಒಂದು ಹೊತ್ತು ಹಚ್ಚಿಕೊಂಡು ತಿನ್ನುವಷ್ಟು ಚಟ್ನಿ, ಹರಿದು ಒಗೆಯುವ ಪಾಕೀಟು. ಪಾನ್ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಶಾಲೆಯ ಮುಂದೆ, ಎಲ್ಲೆಲ್ಲೂ ಮಾಲೆಮಾಲೆಯಾಗಿ ತೂಗಾಡತೊಡಗಿತು.

ಆ ಪಾಕೀಟಿನ ಮೇಲೆ ಯಾರ ಚಿತ್ರ? ಹಾಲವ್ವನದು! ಸಂತೆಗೆ ಬಂದ ಫೋಟೋದವನು ಎಂದೋ ತೆಗೆದ ಒಂದೇ ಒಂದು ಫೋಟೋ ಇತ್ತು. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ನಗಬೇಕೋ ಬೇಡವೋ ಎಂಬಂಥ ತುಟಿ. ಅದನ್ನೇ ಬಣ್ಣ ಹಚ್ಚಿಸಿ ಅಚ್ಚು ಹಾಕಿಸಿದ. ಕೆಟ್ಟ ಮನಸ್ಸಿನಿಂದಲೇ? ಅಲ್ಲ. ಪ್ರೀತಿಯಿಂದ. ಊರೆಲ್ಲ ಹೊಗಳಿತು. "ಮಗ ಅಂದ್ರ ಹಿಂಗಿರಬೇಕು, ಸತ್ತ ತಾಯೀನ ಮನಿಮನಿಗೆ ಮುಟ್ಟಿಸಿದ" ಎಂದಿತು. ದಾರಿಯಲ್ಲಿ ಎಲ್ಲಿಯಾದರೂ ಖಾಲಿ ಪಾಕೀಟು ಬಿದ್ದಿದ್ದರೆ ಶಿವಪುತ್ರಪ್ಪನ ಎದೆ ಉಬ್ಬುತ್ತಿತ್ತು. ನಮ್ಮ ಮಾಲು ಇಲ್ಲಿಯವರೆಗೂ ಬಂದಿದೆ ಎಂದು.

ಹೊಸ ಮನೆ ಕಟ್ಟಿಸಿದ. ಮಗ ಗುರುಲಿಂಗ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಒಂದು ಮೊಮ್ಮಗಳು, ದಾನೇಶ್ವರಿ, ಎಲ್ಲರ ಬಾಯಲ್ಲಿ ದಾನಿ. ಆ ಮನೆಗೆ ಹಿತ್ತಲಿಲ್ಲ, ಎಮ್ಮೆ ಇಲ್ಲ. ಉಂಡು ಉಳಿದದ್ದು, ಸಿಪ್ಪೆ, ಸೀಸೆ, ಹಳೆಯ ಬಟ್ಟೆ, ಎಲ್ಲವೂ ಒಂದೇ ಕರಿ ಚೀಲಕ್ಕೆ. ಚೀಲ ಹಳ್ಳಕ್ಕೆ. ಯಾರೂ ತಪ್ಪು ಎನ್ನಲಿಲ್ಲ. ಶಿವಪುತ್ರಪ್ಪನಿಗೂ ತಪ್ಪು ಎನ್ನಿಸಲಿಲ್ಲ. ತಾಯಿ ಹೇಳಿದ್ದು ಮರೆತೇ ಹೋಗಿತ್ತೇ? ಮರೆತಿರಲಿಲ್ಲ. ನೆನಪು ಒಂದು ಕಡೆ ಇತ್ತು, ನಡತೆ ಒಂದು ಕಡೆ ಇತ್ತು. ನಮ್ಮ ನಿಮ್ಮ ಹಾಗೆಯೇ.

ಈಗ ಕೇಳಿ. ಸಾಹುಕಾರ ತಾಯಿಯ ಹೆಸರಿನಲ್ಲಿ ಒಂದು ಬಾಲವಾಡಿ ಕಟ್ಟಿಸಿಕೊಟ್ಟಿದ್ದ. ಓಣಿಯ ಮಕ್ಕಳೆಲ್ಲ ಅಲ್ಲಿಗೆ ಬರುತ್ತಿದ್ದರು, ದಾನಿಯೂ ಹೋಗುತ್ತಿದ್ದಳು. ಕಲಿಸುವವರು ಕಸ್ತೂರಿ ಅಕ್ಕೋರು, ನಗುಮುಖದ ಹೆಣ್ಣುಮಗಳು. ಮಳೆಗಾಲ ಶುರುವಾದಾಗ ಅವರು ಬಾಲವಾಡಿಯ ಹಿಂದೆ ಒಂದು ಗುಂಡಿ ತೋಡಿಸಿ, ಮಕ್ಕಳನ್ನು ಸುತ್ತ ಕೂರಿಸಿ ಹೇಳಿದರು:

"ಮಣ್ಣವ್ವಗ ಹಸಿವಾಗೈತಿ. ನಾಳೆ ಎಲ್ಲಾರೂ ಮನಿಯಿಂದ ಏನಾದ್ರೂ ಬ್ಯಾಡಾಗಿದ್ದು ತರ್ರಿ. ಆಕಿಗೆ ಉಣಸೋಣು. ಆಕಿ ಏನು ಉಣ್ತಾಳ, ಏನು ಬಿಡ್ತಾಳ, ಕಡೀಕೆ ನೋಡೋಣು."

ಮರುದಿನ ಮಕ್ಕಳ ಸಂಭ್ರಮ ನೋಡಬೇಕಿತ್ತು. ಒಬ್ಬಳು ಬಾಳೆಸಿಪ್ಪೆ ತಂದಳು. ಒಬ್ಬ ಬೇವಿನೆಲೆ. ಒಬ್ಬಳು ಹರಕು ಕೌದಿಯ ತುಂಡು. ಮೌಲಾ ಎಂಬ ಹುಡುಗ ಗಟ್ಟಿಯಾದ ಅರ್ಧ ರೊಟ್ಟಿ ಹಿಡಿದುಕೊಂಡು ಬಂದ. ದಾನಿ ಅದನ್ನು ನೋಡಿದವಳೇ ಮನೆಗೆ ಓಡಿದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಖಾಲಿ ಪಾಕೀಟು.

"ಇದ್ಯಾಕವ್ವಾ ದಾನಿ?" ಅಕ್ಕೋರು ಕೇಳಿದರು.

"ಬರೇ ರೊಟ್ಟಿ ಹೆಂಗ ಉಣ್ತಾಳ್ರೀ ಮಣ್ಣವ್ವ? ಚಟ್ನಿ ಬ್ಯಾಡೇನು?"

ಅಕ್ಕೋರು ನಕ್ಕು ಅದನ್ನೂ ಹಾಕಿಸಿದರು. ಮೇಲೆ ಸಗಣಿನೀರು ಸಿಂಪಡಿಸಿ ಮಣ್ಣು ಮುಚ್ಚಿದರು. ಮಕ್ಕಳು ದಿನಾ ಸಣ್ಣ ಚೊಂಬಿನಲ್ಲಿ ನೀರು ಹಾಕುವರು. ಮೌಲಾ ಗುಂಡಿಯ ಹತ್ತಿರ ಕಿವಿಯಿಟ್ಟು, "ಮಣ್ಣವ್ವ ಅಗಿಯಾಕತ್ತಾಳ" ಎನ್ನುವನು.

ದೀಪಾವಳಿ ಕಳೆಯಿತು. ಗುಂಡಿ ತೆಗೆಯುವ ದಿನ ಬಂತು. ಬಾಲವಾಡಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ. ಕಟ್ಟಡ ಕೊಟ್ಟವರೆಂದು ಶಿವಪುತ್ರಪ್ಪನನ್ನು ಕರೆದು, ಮಾಲೆ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಮಕ್ಕಳ ತಂದೆತಾಯಿಯರೂ ಬಂದಿದ್ದರು. ಅಕ್ಕೋರು ಸಲಿಕೆಯಿಂದ ಮೇಲಿನ ಪದರ ಸರಿಸಿದರು.

ವಾಸನೆ ಬಂತು. ಗಬ್ಬುನಾತವಲ್ಲ, ಬಂಧುಗಳೇ. ಮೊದಲ ಮಳೆ ಬಿದ್ದ ಹೊಲದ ವಾಸನೆ. ಶಿವಪುತ್ರಪ್ಪನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದ, ಬಂದ, ಮಾಲೆ ಹಾಕಿಕೊಂಡೇ ಮೊಣಕಾಲೂರಿ ಕುಳಿತು ಗುಂಡಿಯಲ್ಲಿ ಕೈಯಿಟ್ಟ. ಮಣ್ಣು ಬೆಚ್ಚಗಿತ್ತು. ಚಳಿಗಾಲದ ಬೆಳಿಗ್ಗೆ ಹಿತ್ತಲ ತಿಪ್ಪೆಯಿಂದ ಹಬೆ ಏಳುತ್ತಿದ್ದದ್ದು, ಬರಿಗಾಲಲ್ಲಿ ಅದರ ಅಂಚಿನಲ್ಲಿ ನಿಂತು ಪಾದ ಕಾಯಿಸಿಕೊಳ್ಳುತ್ತಿದ್ದದ್ದು, ಒಳಗಿನಿಂದ ತಾಯಿ "ಬಾರೋ, ರೊಟ್ಟಿ ಆರ್ತಾವು" ಎಂದು ಕೂಗುತ್ತಿದ್ದದ್ದು, ಎಲ್ಲವೂ ಒಮ್ಮೆಗೇ ಅಂಗೈಯಿಂದ ಎದೆಗೆ ಏರಿ ಬಂದವು. ಅರವತ್ತು ದಾಟಿದ ಮನುಷ್ಯ, ಹಿಡಿ ಮಣ್ಣು ಹಿಡಿದು ಕುಳಿತುಬಿಟ್ಟ.

ಮಕ್ಕಳು ಆಗಲೇ ಗುಂಡಿಗೆ ಇಳಿದಿದ್ದರು.

"ನನ್ನ ಬಾಳೆಸಿಪ್ಪಿ ಎಲ್ಲಿ?"

"ಮಣ್ಣಾತು!"

"ಕೌದಿ?"

"ಅದೂ ಮಣ್ಣಾತು!"

"ನನ್ನ ರೊಟ್ಟೀನೂ ಉಂಡಾಳ್ರೀ!" ಮೌಲಾ ಕುಣಿದ.

ಅಷ್ಟರಲ್ಲಿ ದಾನಿ ಏನನ್ನೋ ಎಳೆದು ತೆಗೆದಳು. ತನ್ನ ಲಂಗದ ಅಂಚಿನಿಂದ ಒರೆಸಿದಳು. ಅದೇ ಪಾಕೀಟು. ಅದೇ ಮಿಂಚು, ಅದೇ ಬಣ್ಣ. ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ. ಒಂದು ಕೂದಲೂ ಕೊಂಕಿರಲಿಲ್ಲ.

"ಅಜ್ಜಾ, ನೋಡಿಲ್ಲಿ! ಮುತ್ತಜ್ಜಿ ಹಂಗ ಅದಾಳ!"

ಜನ ನಕ್ಕರು. ದಾನಿ ಮಾತ್ರ ಗಂಭೀರವಾದಳು. ಅತ್ತ ಕರಿ ಮಣ್ಣನ್ನು ನೋಡಿದಳು, ಇತ್ತ ಕೈಯಲ್ಲಿದ್ದ ಮುಖವನ್ನು ನೋಡಿದಳು.

"ಅಕ್ಕೋರ, ಎಲ್ಲಾರನೂ ಉಂಡಾಳಲ್ರೀ ಮಣ್ಣವ್ವ. ನಮ್ಮ ಮುತ್ತಜ್ಜಿ ಒಬ್ಬಾಕೀನ ಯಾಕ ಒಲ್ಲೆ ಅಂದ್ಲು? ನಮ್ಮ ಮುತ್ತಜ್ಜಿ ಕೆಟ್ಟಾಕೇನ್ರೀ?"

ನಗು ನಿಂತಿತು. ಅಕ್ಕೋರು ಗಾಬರಿಯಾಗಿ ಸಾಹುಕಾರನ ಕಡೆ ನೋಡಿದರು. "ಇಲ್ಲವ್ವಾ, ಅದು ಪ್ಲಾಸ್ಟಿಕ್ಕು..." ಎಂದು ಏನೋ ಹೇಳಹೋದರು. ಶಿವಪುತ್ರಪ್ಪ ಕೈಯೆತ್ತಿ ತಡೆದ. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡ.

"ನಿಮ್ಮ ಮುತ್ತಜ್ಜಿ ಭಾಳ ಒಳ್ಳೇಕಿ ಇದ್ಲವ್ವಾ. ಕೆಟ್ಟಾವ ನಾನು."

ಅಷ್ಟು ಹೇಳಿ, ಪಾಕೀಟು ಹಿಡಿದುಕೊಂಡು ಹೊರಗೆ ನಡೆದ. ಕಾರು ನಿಂತಿತ್ತು, ಹತ್ತಲಿಲ್ಲ. ನಡೆದುಕೊಂಡೇ ಹೊರಟ. ದಾರಿಯುದ್ದಕ್ಕೂ ಅವನಿಗೆ ಏನು ಕಂಡಿತು ಹೇಳಿ? ಗಟಾರದಲ್ಲಿ ತಾಯಿಯ ಮುಖ. ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳುವ ತಾಯಿಯ ಮುಖ. ಹಂದಿ ಮೂತಿ ಹಚ್ಚಿ ಎಳೆಯುತ್ತಿದ್ದ ತಾಯಿಯ ಮುಖ. ಯಾರೋ ಉಗುಳಿದ್ದಾರೆ, ಯಾರೋ ತುಳಿದಿದ್ದಾರೆ. ನಿನ್ನೆಯೂ ಇವೆಲ್ಲ ಇದ್ದವು. ನಿನ್ನೆ ಅವನಿಗೆ ಇದು ವ್ಯಾಪಾರವಾಗಿ ಕಂಡಿತ್ತು. ಇಂದು ತಾಯಿಯಾಗಿ ಕಂಡಿತು. ಬಗ್ಗಿದ. ಒಂದನ್ನು ಎತ್ತಿದ. ಇನ್ನೊಂದನ್ನು ಎತ್ತಿದ. ಧೋತರದ ಮಡಿಲು ತುಂಬಿತು. ಎಷ್ಟು ಅಂತ ಎತ್ತುತ್ತಾನೆ?

ಕಾಲುಗಳು ಅವನನ್ನು ಹೊಲದ ಬದುವಿಗೆ ಕರೆದೊಯ್ದವು. ತಾಯಿಯನ್ನು ಮಣ್ಣು ಮಾಡಿದ ಜಾಗ. ಅಲ್ಲಿ ಹುಲ್ಲು ಬೆಳೆದಿತ್ತು, ಹುಲ್ಲಿನಲ್ಲಿ ಸಣ್ಣ ಹಳದಿ ಹೂ ಇದ್ದವು. ಆಕೆ ಎಂದೋ ಮಣ್ಣಾಗಿ, ಹುಲ್ಲಾಗಿ, ಹೂವಾಗಿ, ಯಾರದೋ ದನದ ಹಾಲಾಗಿ ಹೋಗಿದ್ದಳು. ಬದುಕಿದ್ದಾಗ ಏನನ್ನೂ ಕೆಡಿಸದವಳು, ಸತ್ತ ಮೇಲೂ ಏನನ್ನೂ ಕೆಡಿಸಿರಲಿಲ್ಲ. ಆದರೆ ಬದುವಿನ ಕಲ್ಲುಗಳ ಸಂದಿಯಲ್ಲಿ ಗಾಳಿ ತಂದು ತುರುಕಿದ ಪಾಕೀಟುಗಳಿದ್ದವು. ಆಕೆಯ ಮೈ ಮಣ್ಣಾಗಿತ್ತು. ಮಗ ಮಾಡಿಸಿದ ಮುಖ ಮಣ್ಣಾಗಿರಲಿಲ್ಲ. ಶಿವಪುತ್ರಪ್ಪ ಹುಲ್ಲಿನ ಮೇಲೆ ಕುಳಿತು, "ಯವ್ವಾ" ಎಂದ. ಅಷ್ಟೇ. ಅಳು ಬಂತು.

ಮನೆಗೆ ಬಂದು ಮಗನ ಮುಂದೆ ಮಡಿಲು ಸುರಿದ. ಗುರುಲಿಂಗನಿಗೆ ಅರ್ಥವಾಯಿತು. ಜಾಣ ಹುಡುಗ.

"ಅಪ್ಪಾ, ಇದಕ್ಯಾಕ ಇಷ್ಟು ಮನಸ್ಸಿಗೆ ಹಚ್ಚಿಕೋತಿ? ಅಜ್ಜಿ ಫೋಟೋ ತಗದು ಒಂದು ಹೂವಿನ ಚಿತ್ರ ಹಾಕಿಸೋಣು. ಮುಗೀತಲ್ಲ?"

ನೋಡಿ, ಇಲ್ಲಿದೆ ನೋಡಿ ಮನುಷ್ಯನ ಜಾಣತನ! ಮುಖ ತೆಗೆದರೆ ಸಾಕು. ನನ್ನದು ಎಂದು ಗುರುತು ಸಿಗದಿದ್ದರೆ ಸಾಕು. ಹೊಲಸು ಇರಲಿ, ಹೆಸರು ಬೇಡ. ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ?

ಶಿವಪುತ್ರಪ್ಪ ಹೇಳಿದ: "ಮುಖ ತಗದ್ರ ನನ್ನ ನಾಚಿಕಿ ಹೋಗ್ತೈತಿ ಗುರುಲಿಂಗಾ. ಪಾಕೀಟು ಹೋಗ್ತೈತೇನು?"

ಅಂದಿನಿಂದ ಸಣ್ಣ ಪಾಕೀಟು ನಿಂತಿತು. ಅಂಗಡಿಯಲ್ಲಿ ದೊಡ್ಡ ಡಬ್ಬಿಗಳು ಬಂದವು. ಬೇಕಾದವರು ಮನೆಯಿಂದ ಡಬ್ಬಿ ತರಬೇಕು, ತರದವರಿಗೆ ಮುತ್ತಲ ಎಲೆ. ವ್ಯಾಪಾರ ಕುಗ್ಗಿತೇ? ಕುಗ್ಗಿತು. ಸುಳ್ಳು ಯಾಕೆ ಹೇಳಬೇಕು? ದೂರದ ಊರಿನ ಅಂಗಡಿಯವರು ಬೇರೆ ಮಾಲು ಹಿಡಿದರು. ಒಂದು ಯಂತ್ರ ಕೆಲಸವಿಲ್ಲದೆ ನಿಂತಿತು. ಗುರುಲಿಂಗ ಕೆಲ ಕಾಲ ತಂದೆಯ ಮುಖ ನೋಡಿ ಮಾತಾಡಲಿಲ್ಲ. "ಮುದುಕಗ ಮರುಳು" ಎಂದು ಓಣಿಯಲ್ಲಿ ನಕ್ಕವರೂ ಇದ್ದರು. ಶಿವಪುತ್ರಪ್ಪ ಹಿಂದೆ ಸರಿಯಲಿಲ್ಲ.

ಬಾಲವಾಡಿಗೆ ಮಾತ್ರ ವಾರವಾರ ಹೋಗತೊಡಗಿದ. ಅಕ್ಕೋರು ಕುರ್ಚಿ ತಂದರೆ ಬೇಡವೆಂದು ನೆಲದ ಮೇಲೆ, ಮಕ್ಕಳ ನಡುವೆ ಕುಳಿತುಕೊಳ್ಳುತ್ತಿದ್ದ. ತಾಯಿಯ ಹಿತ್ತಲಿನ ಕಥೆ ಹೇಳುವನು. ಕಥೆ ಹೋಗಿ ಆಟವಾಯಿತು. ಮಕ್ಕಳು ಒಂದು ವಸ್ತುವಿನ ಹೆಸರು ಹೇಳಬೇಕು, ಅಜ್ಜ ಅದರ ಮನೆ ಹೇಳಬೇಕು.

"ಸೌತಿಕಾಯಿ ಸಿಪ್ಪಿ?"

"ಮಣ್ಣವ್ವನ ಮನಿ."

"ಗಾಜಿನ ಬಾಟಲಿ?"

"ಗುಜರಿ ಮಾಮಾನ ಮನಿ. ಅಲ್ಲಿಂದ ಕರಗಿಸೋ ಭಟ್ಟಿಗೆ ಹೋಗಿ ಮತ್ತ ಬಾಟಲಿ ಆಗಿ ಬರ್ತೈತಿ."

"ಹಳೇ ಪೇಪರ್?"

"ಅದೂ ಹಂಗ. ಹೊಸಾ ಕಾಗದ ಆಗ್ತೈತಿ."

"ಚಾಕಲೇಟ್ ಸುತ್ತಿದ್ದು?" ದಾನಿ ಕೇಳಿದಳು.

ಅಜ್ಜ ತನ್ನ ಖಾಲಿ ಅಂಗೈ ತೋರಿಸಿದ. "ಅದಕ್ಕ ಎಲ್ಲೂ ಮನಿ ಇಲ್ಲವ್ವಾ."

"ಅಯ್ಯ, ಪಾಪ," ಎಂದಳು ದಾನಿ. ಆಮೇಲೆ ಯೋಚಿಸಿ ಹೇಳಿದಳು, "ಹಂಗಾರ ಅದನ್ನ ಕರಕೊಂಡ ಬರಬಾರದು."

ಕೇಳಿದಿರಾ? ಅಂಗಡಿಯಿಂದ ನೀವು ತರುವ ಚೀಲದಲ್ಲಿ ಮನೆ ಇಲ್ಲದ್ದು ಎಷ್ಟು ಇರುತ್ತದೆ, ಎಂದಾದರೂ ನೋಡಿದ್ದೀರಾ? ಆ ಮಗು ನೋಡಿತು.

ಗುಂಡಿಯ ಮಣ್ಣನ್ನು ಮಕ್ಕಳು ಬಾಲವಾಡಿಯ ಅಂಗಳದಲ್ಲಿ ಹರವಿ ಮೆಂತ್ಯ ಬಿತ್ತಿದರು. ಸೊಪ್ಪು ಬಂದ ದಿನ ಅಕ್ಕೋರು ರೊಟ್ಟಿಯ ಜೊತೆ ಹಸಿಯಾಗಿಯೇ ಕೊಟ್ಟರು. ಶಿವಪುತ್ರಪ್ಪ ಒಂದು ಎಸಳು ಬಾಯಿಗೆ ಹಾಕಿಕೊಂಡ. ಅಂಥ ಸೊಪ್ಪನ್ನು ಅವನು ತಿಂದು ಒಂದು ಕಾಲವೇ ಆಗಿತ್ತು. ಎಳೆ ಕಹಿ, ಆಮೇಲೆ ಸಣ್ಣ ಸಿಹಿ. ಅವ್ವನ ಪಕ್ಕದಲ್ಲಿ ಒಲೆಯ ಮುಂದೆ ಕೂತು ತಿನ್ನುತ್ತಿದ್ದ ರುಚಿ. ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಕೇಳಿದ.

ದೃಷ್ಟಾಂತ ಮುಗಿಯಿತು. ಆ ಸಾಹುಕಾರನನ್ನು ಬಿಡಿ. ಈಗ ನಿಮ್ಮ ಮಾತು.

ನೀವೂ ಹಳೆಯದನ್ನು ನೆನೆಯುತ್ತೀರಿ. ನಮ್ಮ ಕಾಲದಲ್ಲಿ ಹಾಗಿತ್ತು, ನಮ್ಮವ್ವ ಹೀಗೆ ಮಾಡುತ್ತಿದ್ದಳು ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತೀರಿ. ಚೆನ್ನಾಗಿದೆ. ಆದರೆ ನಿಮ್ಮ ಮಗುವಿಗೆ ಆ ಕಾಲ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಿಮ್ಮ ಈ ಕಾಲ. ನೀವು ಬೆಳಿಗ್ಗೆ ಉಳಿದ ಅನ್ನ, ಸಿಪ್ಪೆ, ಹಾಲಿನ ಪಾಕೀಟು, ಕೂಸಿನ ಡೈಪರ್ ಎಲ್ಲ ಸೇರಿಸಿ ಗಂಟು ಕಟ್ಟುತ್ತೀರಿ. ಸ್ಕೂಟರಿಗೆ ತೂಗು ಹಾಕುತ್ತೀರಿ. ಹಳ್ಳದ ಸೇತುವೆ ಬಂದಾಗ ಗಾಡಿ ನಿಲ್ಲಿಸದೆಯೇ ಕೈ ಬೀಸುತ್ತೀರಿ. ಹಿಂದೆ ಶಾಲೆಯ ಚೀಲ ಹೊತ್ತ ಮಗು ನಿಮ್ಮ ಸೊಂಟ ಹಿಡಿದು ಕೂತಿರುತ್ತದೆ. ನೋಡುತ್ತಿರುತ್ತದೆ! ಅದು ನಿಮ್ಮಿಂದ ಕಲಿತ ಪಾಠ. ಅದನ್ನು ಯಾವ ಅಕ್ಕೋರು ಬಂದು ಅಳಿಸಬೇಕು?

ದೊಡ್ಡದೇನೂ ಮಾಡಬೇಡಿ. ನಾಳೆ ಅಡುಗೆಮನೆಯಲ್ಲಿ ಒಂದರ ಬದಲು ಎರಡು ಬುಟ್ಟಿ ಇಡಿ. ಮಣ್ಣಾಗುವುದು ಒಂದಕ್ಕೆ, ಆಗದ್ದು ಇನ್ನೊಂದಕ್ಕೆ. ತಾಯಂದಿರೇ, ಸಿಪ್ಪೆಯನ್ನು ನೀವು ಹಾಕಬೇಡಿ, ಮಗುವಿನ ಕೈಗೆ ಕೊಟ್ಟು ಹಾಕಿಸಿ. ತಪ್ಪು ಬುಟ್ಟಿಗೆ ಹಾಕಿದರೆ ಬೈಯಬೇಡಿ, ಎತ್ತಿಸಿ ಮತ್ತೆ ಹಾಕಿಸಿ. ಹಿತ್ತಲಿದ್ದವರು ಗುಂಡಿ ತೋಡಿ. ಇಲ್ಲದವರು ಒಡಕು ಕೊಡದಲ್ಲಿ ಮಣ್ಣು ತುಂಬಿ ಮಹಡಿಯ ಮೇಲಿಡಿ, ಸಾಕು. ಸಂತೆಗೆ ಹೋಗುವಾಗ ಬಟ್ಟೆಯ ಚೀಲ ಮಗುವಿನ ಹೆಗಲಿಗೆ ಹಾಕಿ, ಅದರದೇ ಜವಾಬ್ದಾರಿ ಎನ್ನಿ. ಮತ್ತೆ ಗಂಡಸರೇ, ಇದು ಹೆಂಗಸರ ಕೆಲಸ ಎಂದು ಆ ಕಡೆ ತಿರುಗಬೇಡಿ. ಹಳ್ಳಕ್ಕೆ ಗಂಟು ಒಗೆಯುವ ಕೈ ಹೆಚ್ಚಾಗಿ ನಿಮ್ಮದೇ.

ನಾಳೆಯವರೆಗೆ ಯಾಕೆ ಕಾಯಬೇಕು? ಇನ್ನೇನು ಪ್ರಸಾದಕ್ಕೆ ಕೂರುತ್ತೀರಿ. ಮಠದ ಹಿಂದೆ ಗುಂಡಿ ತೋಡಿಸಿದ್ದೇವೆ. ಮಕ್ಕಳನ್ನು ಆಟಕ್ಕೆ ಬಿಡಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಉಣ್ಣುವಷ್ಟೇ ಬಡಿಸಿಕೊಳ್ಳಿ. ಉಂಡಾದ ಮೇಲೆ ನಿಮ್ಮ ಎಲೆಯನ್ನು ನೀವು ಎತ್ತಬೇಡಿ, ಸೇವೆಯವರೂ ಎತ್ತುವುದಿಲ್ಲ. ಮಗುವಿನ ಕೈಗೆ ಕೊಡಿ, ನೀವು ಜೊತೆಗೆ ನಡೆಯಿರಿ, ಗುಂಡಿಯ ಅಂಚಿನಲ್ಲಿ ನಿಲ್ಲಿ, ಅದು ಹಾಕುವುದನ್ನು ನೋಡಿ. ಅಂಗಿ ಹೊಲಸಾದೀತು, ಕೈ ಹೊಲಸಾದೀತು. ಆಗಲಿ. ತೊಳೆದರೆ ಹೋಗುವಂಥ ಹೊಲಸು ಅದು. ಅಲ್ಲೇ ನೀರು ಇಡಿಸಿದ್ದೇವೆ.

ಏಳಿ, ಎಲೆ ಹಾಕಿದ್ದಾರೆ.